ಗೋಗಿಯಿಂದ ಬೋನಾಳದ ತನಕ: ಒಂದು ದಿನದ ಸುತ್ತಾಟ ಹೀಗಿರಲಿ

ವಿಜಯಪುರದ ಗೋಳಗುಮ್ಮಟವನ್ನು ಶಾಲೆಯ ಪ್ರವಾಸದಲ್ಲಾದರೂ ನೋಡಿದವರು ಬಹಳ ಮಂದಿ. ಆದರೆ ಅದನ್ನು ಕಟ್ಟಿಸಿದ ಮನೆತನದ ಮೂಲಪುರುಷ ಯೂಸುಫ್ ಆದಿಲ್‌ಶಾಹನ ಗೋರಿ ಎಲ್ಲಿದೆ ಎಂದು ಬಲ್ಲವರು ಕೆಲವೇ ಮಂದಿ. ಅದು ಇರುವುದು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಚಂದಾ ಹುಸೇನಿ ಎಂಬ ಸೂಫಿ ಸಂತರ ದರ್ಗಾದ ಆವರಣದಲ್ಲಿ. ಗೋಗಿಯಿಂದ ಹೊರಟರೆ ಶಹಾಪುರದ ಬೆಟ್ಟ, ವಿಭೂತಿಹಳ್ಳಿಯ ಕಲ್ಲಿನ ಸಾಲು, ಸುರಪುರದ ಅರಮನೆ, ಟೇಲರ್ ಮಂಜಿಲ್, ಕೊನೆಗೆ ಬೋನಾಳದ ಕೆರೆ, ಇಷ್ಟೂ ಒಂದೇ ದಿನದಲ್ಲಿ ಆಗುತ್ತವೆ. ಯಾದಗಿರಿಯಿಂದ ಹೊರಟು ಯಾದಗಿರಿಗೇ ಮರಳಿದರೆ ಗಾಡಿ ಓಡುವುದು ಹೆಚ್ಚುಕಡಿಮೆ 160–170 ಕಿ.ಮೀ.

ದೂರ ಕಡಿಮೆ ಎಂದು ಹೇಗೆ ಬೇಕಾದರೂ ಹೋಗುವಂತಿಲ್ಲ. ಈ ಮಾರ್ಗದಲ್ಲಿ ಯಾವ ಜಾಗಕ್ಕೆ ಯಾವ ಹೊತ್ತಿಗೆ ಹೋಗಬೇಕು ಎನ್ನುವುದೇ ಮುಖ್ಯ. ಅನೇಕರು ಮೊದಲು ಸುರಪುರಕ್ಕೆ ಹೋಗುತ್ತಾರೆ, ನಡುಮಧ್ಯಾಹ್ನ ವಿಭೂತಿಹಳ್ಳಿಯ ಬಯಲಿಗೆ ಇಳಿಯುತ್ತಾರೆ, ಕತ್ತಲಾದ ಮೇಲೆ ಗೋಗಿ ಮುಟ್ಟುತ್ತಾರೆ. ಬೋನಾಳ ಬಿಟ್ಟೇ ಹೋಗುತ್ತದೆ. ಬಯಲಿನ ಕಲ್ಲುಗಳನ್ನು ಇಳಿಬಿಸಿಲಿನಲ್ಲಿ ಅಥವಾ ಏರುಬಿಸಿಲಿನಲ್ಲಿ ನೋಡಬೇಕು, ನೆತ್ತಿಯ ಬಿಸಿಲಿನಲ್ಲಿ ಚಾವಣಿಯ ಕೆಳಗಿರಬೇಕು, ಹಕ್ಕಿಗಳ ಹತ್ತಿರ ಸಂಜೆ ಇರಬೇಕು. ಹಾಗಾಗಿ ಗೋಗಿ ಮೊದಲು, ಬೋನಾಳ ಕೊನೆಗೆ. ಈ ಕ್ರಮದಲ್ಲಿ ಹೋದರೆ ಇತಿಹಾಸವೂ ಬಹುಮಟ್ಟಿಗೆ ಕಾಲದ ಸಾಲಿನಲ್ಲೇ ಸಿಗುತ್ತದೆ: ಸಂತ, ಅವರ ಪಕ್ಕದಲ್ಲಿ ಸುಲ್ತಾನರು, ಆಮೇಲೆ ಸುರಪುರವನ್ನು ಆಳಿದ ಬೇಡನಾಯಕರು, ಅವರ ನಂತರ ಬ್ರಿಟಿಷರು.

ಹೋಗಲು ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರುವರಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಕಲ್ಲುಗುಡ್ಡಗಳ ನಡುವೆ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ತಿರುಗಬೇಡಿ. ಜನವರಿಯ ಸಂಕ್ರಾಂತಿಗೆ ಯಾದಗಿರಿ ಹತ್ತಿರದ ಮೈಲಾಪುರದಲ್ಲಿ ಮಲ್ಲಯ್ಯನ ಜಾತ್ರೆ. ಜಾತ್ರೆಗೇ ಹೋಗುವವರ ಮಾತು ಬೇರೆ, ಅರಮನೆ ಕೆರೆ ನೋಡುವವರು ಆ ಎರಡು ಮೂರು ದಿನ ಬಿಟ್ಟು ಬರುವುದು ಲೇಸು. ಬಸ್ಸುಗಳೆಲ್ಲ ಜಾತ್ರೆಯ ಕಡೆ ತಿರುಗಿರುತ್ತವೆ.

ಯಾದಗಿರಿ ರೈಲು ನಿಲ್ದಾಣ ಮುಂಬೈ–ಚೆನ್ನೈ ಮಾರ್ಗದಲ್ಲಿದೆ, ವಾಡಿ ಮತ್ತು ರಾಯಚೂರಿನ ನಡುವೆ. ಬೆಂಗಳೂರಿನಿಂದ ರಾತ್ರಿ ಹೊರಟವರು ಬೆಳಿಗ್ಗೆ ಇಳಿಯಬಹುದು. ಅಲ್ಲಿಂದ ಶಹಾಪುರ ಸುಮಾರು 35 ಕಿ.ಮೀ., ಶಹಾಪುರದಿಂದ ಗೋಗಿ ಹತ್ತು ಹನ್ನೆರಡು ಕಿ.ಮೀ., ಶಹಾಪುರದಿಂದ ಸುರಪುರ ಸುಮಾರು 25 ಕಿ.ಮೀ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ಈ ಊರುಗಳ ನಡುವೆ ಓಡುತ್ತವೆ, ಒಳಹಳ್ಳಿಗಳಿಗೆ ಟಂಟಂ ಸಿಗುತ್ತದೆ. ಆದರೆ ಬಸ್ಸು, ಟಂಟಂ ನಂಬಿಕೊಂಡರೆ ಒಂದು ದಿನದಲ್ಲಿ ಗೋಗಿ ಮತ್ತು ಸುರಪುರ ಮಾತ್ರ ಆಗುತ್ತವೆ. ವಿಭೂತಿಹಳ್ಳಿ, ಬೋನಾಳ ಎರಡೂ ಬೇಕೆಂದರೆ ಬಾಡಿಗೆ ಗಾಡಿ ಬೇಕು. ಏಳೆಂಟು ಮಂದಿ ಕೂಡಿದರೆ ಕ್ರೂಸರ್ ಮಾಡಿಕೊಳ್ಳುವುದು ಅಗ್ಗ. ಬಾಡಿಗೆ ಮಾತಾಡುವಾಗ ಊರುಗಳ ಹೆಸರು ಹೇಳಿದರೆ ಸಾಲದು. ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಕತ್ತಲಾದ ಮೇಲೆ ಬೋನಾಳದಿಂದ ಯಾದಗಿರಿಗೆ ಬಿಡಬೇಕು ಎಂಬುದನ್ನೂ ಮೊದಲೇ ಹೇಳಿ. ಇಲ್ಲದಿದ್ದರೆ ಸಂಜೆ ನಾಲ್ಕಕ್ಕೇ ಡ್ರೈವರ್ ಗಡಿಬಿಡಿ ಶುರುಮಾಡುತ್ತಾನೆ, ಅವನ ತಪ್ಪೂ ಅಲ್ಲ ಅದು.

ಇನ್ನು ಮಾರ್ಗದರ್ಶಿಯ ವಿಷಯ. ಈ ಸುತ್ತಾಟ ಚೆನ್ನಾಗಿ ಆಗುವುದೂ ಕೆಡುವುದೂ ಅವರ ಕೈಯಲ್ಲಿದೆ. ಹಂಪಿ, ಬಾದಾಮಿಯಲ್ಲಿರುವಂತೆ ಟಿಕೆಟ್ ಕಿಟಕಿಯ ಹತ್ತಿರ ಬಿಲ್ಲೆ ಹಾಕಿಕೊಂಡ ಗೈಡುಗಳು ಕಾಯುತ್ತಿರುವ ಊರುಗಳಲ್ಲ ಇವು. ಇಲ್ಲಿ ಮಾರ್ಗದರ್ಶಿಯನ್ನು ಹುಡುಕಿಕೊಳ್ಳಬೇಕು, ಅದೂ ಎರಡು ಮೂರು ದಿನ ಮೊದಲು. ಶಹಾಪುರ, ಸುರಪುರದ ಕಾಲೇಜುಗಳಲ್ಲಿ ಇತಿಹಾಸ ಅಥವಾ ಕನ್ನಡ ಕಲಿಸುವವರನ್ನು ವಿಚಾರಿಸಿದರೆ ಯಾರಾದರೊಬ್ಬರು ಸಿಗುತ್ತಾರೆ. ಬರಲು ಆಗದಿದ್ದರೆ ತಮ್ಮ ಶಿಷ್ಯರ ಪೈಕಿ ಒಬ್ಬರನ್ನು ಕಳಿಸುತ್ತಾರೆ. ಈ ಭಾಗದ ಮೇಷ್ಟ್ರುಗಳಲ್ಲಿ ಊರಿನ ಶಾಸನ, ಕಾಗದಪತ್ರ, ಲಾವಣಿ ಕೂಡಿಡುವ ಹವ್ಯಾಸ ಉಳ್ಳವರು ಇದ್ದಾರೆ. ಅಂಥವರೊಬ್ಬರು ದಿನವಿಡೀ ಜೊತೆಗಿದ್ದು, ದರ್ಗಾದಲ್ಲಿ ಅಲ್ಲಿನ ಸೇವೆ ಮಾಡುವ ಖಾದಿಮರು, ಬೋನಾಳದಲ್ಲಿ ಅರಣ್ಯ ಇಲಾಖೆಯ ಕಾವಲುಗಾರರು ಅಥವಾ ದಂಡೆಯ ಊರಿನವರು ಮಾತು ಮುಂದುವರಿಸಿದರೆ ಆ ದಿನಕ್ಕೆ ಇನ್ನೇನೂ ಬೇಕಾಗಿಲ್ಲ.

ಸಂಭಾವನೆಯನ್ನು ಹೊರಡುವ ಮೊದಲೇ ಮಾತಾಡಿ. ಇಲ್ಲಿಯವರು ಬಾಯಿಬಿಟ್ಟು ಕೇಳುವುದಿಲ್ಲ. ‘ನಮ್ಮೂರು ನೋಡ್ಲಾಕ ಬಂದೀರಿ, ನಿಮ್ಮತ್ರ ರೊಕ್ಕ ಹ್ಯಾಂಗ ತಗೊಳ್ಳೋದ್ರಿ’ ಎಂದುಬಿಡುತ್ತಾರೆ. ಅದು ಅವರ ದೊಡ್ಡತನ. ಅದನ್ನು ಬಳಸಿಕೊಂಡು ಚಹಾ ಕುಡಿಸಿ ಕಳಿಸುವುದು ನಮ್ಮ ಸಣ್ಣತನ. ಇಡೀ ದಿನ ಒಬ್ಬರು ತಮ್ಮ ಕೆಲಸ ಬಿಟ್ಟು ಬಂದಿದ್ದರೆ ಒಂದು ದಿನದ ದುಡಿಮೆಗೆ ತಕ್ಕ ಹಣವನ್ನು ಲಕೋಟೆಯಲ್ಲಿಟ್ಟು ಕೊಡಿ.

ಗೋಗಿಗೆ ಬೆಳಿಗ್ಗೆ ಏಳೂವರೆ ಎಂಟರ ಹೊತ್ತಿಗೆ ಮುಟ್ಟಿ. ತಲೆಯ ಮೇಲೆ ಟೋಪಿಯೋ ಕರವಸ್ತ್ರವೋ ಇರಲಿ, ಹೆಣ್ಣುಮಕ್ಕಳು ಸೆರಗು ಹೊದ್ದುಕೊಳ್ಳಲಿ, ಚಪ್ಪಲಿ ಹೊರಗೆ. ಯಾವ ಗೋರಿಯ ಹತ್ತಿರ ಯಾರು ಹೋಗಬಹುದು, ಎಲ್ಲಿ ಫೋಟೊ ತೆಗೆಯಬಹುದು ಎಂದು ಖಾದಿಮರನ್ನು ಕೇಳಿಕೊಂಡು ನಡೆಯಿರಿ. ಈ ಸೀಮೆಯ ಹಿಂದೂಗಳಿಗೆ ದರ್ಗಾ ಪರಕೀಯವಲ್ಲ. ಸಕ್ಕರೆ, ಊದು, ಹೂವು ತಂದು, ಸಕ್ಕರೆ ಓದಿಸಿಕೊಂಡು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಕಾಗದದ ಪೊಟ್ಟಣದಲ್ಲಿ ಮನೆಗೆ ಒಯ್ಯುವುದು ಇಲ್ಲಿಯ ರೂಢಿ. ಹೊಲಕ್ಕೆ ಹೊರಟವರು ಹಾದಿಯಲ್ಲೇ ನಿಂತು ಕೈಮುಗಿದು ಹೋಗುವುದನ್ನೂ ಬೆಳಗಿನ ಹೊತ್ತು ಕಾಣಬಹುದು.

ಯೂಸುಫ್ 1490ರಲ್ಲಿ ಬಿಜಾಪುರದಲ್ಲಿ (ಇಂದಿನ ವಿಜಯಪುರ) ಸ್ವತಂತ್ರನಾದ, 1510ರಲ್ಲಿ ತೀರಿಕೊಂಡ. ತಾನು ನಂಬಿದ ಸಂತರ ಹತ್ತಿರ ಅವನನ್ನು ಇಲ್ಲಿಗೆ ತಂದು ಮಣ್ಣುಮಾಡಿದರು. ಅವನ ಮಗ ಇಸ್ಮಾಯಿಲ್ 1534ರಲ್ಲಿ ಗೋಲ್ಕೊಂಡದ ಮೇಲಿನ ದಂಡಯಾತ್ರೆಯಲ್ಲಿ ಸತ್ತಾಗ ಅವನ ಶವವೂ ಗೋಗಿಗೆ ಬಂತು. 1520ರಲ್ಲಿ ರಾಯಚೂರಿನ ಯುದ್ಧದಲ್ಲಿ ಕೃಷ್ಣದೇವರಾಯನಿಗೆ ಸೋತವನು ಈ ಇಸ್ಮಾಯಿಲ್. ಶಾಲೆಯ ಪುಸ್ತಕದಲ್ಲಿ ಓದಿದ ಯುದ್ಧದ ಎದುರಾಳಿ ಇಲ್ಲಿ ಕಣ್ಣೆದುರು ಮಲಗಿದ್ದಾನೆ ಎಂದು ಮಕ್ಕಳಿಗೆ ಹೇಳಿ ನೋಡಿ, ಇತಿಹಾಸದ ಪಾಠ ಅಲ್ಲೇ ಶುರುವಾಗುತ್ತದೆ. ಮೊಮ್ಮಗ ಒಂದನೇ ಇಬ್ರಾಹಿಂನ ಗೋರಿಯೂ ಇಲ್ಲೇ. ಕಂದಾಯದ ಲೆಕ್ಕಪತ್ರಗಳಲ್ಲಿ ಪಾರಸಿಯ ಬದಲು ನೆಲದ ಭಾಷೆಗಳಿಗೆ ಜಾಗ ಕೊಟ್ಟ ಸುಲ್ತಾನ ಅವನು.

ಒಂದನೇ ಇಬ್ರಾಹಿಂನ ಮಗ ಅಲಿಯ ಕಾಲದಿಂದ ಸುಲ್ತಾನರ ಗೋರಿಗಳು ಬಿಜಾಪುರದಲ್ಲೇ ಎದ್ದವು. ಎರಡನೇ ಇಬ್ರಾಹಿಂನಿಗೆ ಇಬ್ರಾಹಿಂ ರೋಜಾ ಬಂತು, 1656ರಲ್ಲಿ ಸತ್ತ ಮಹಮ್ಮದನಿಗೆ ಗೋಳಗುಮ್ಮಟವೇ ಆಯಿತು. ಗೋಗಿಯಲ್ಲಿ ಅಂಥ ಭವ್ಯತೆಯನ್ನು ಹುಡುಕಬೇಡಿ. ಇಲ್ಲಿ ಸಂತರು ದೊಡ್ಡವರು, ಸುಲ್ತಾನರು ಅವರ ನೆರಳಿಗೆ ಬಂದವರು. ಗೋಳಗುಮ್ಮಟ ನೋಡಿದವರು ಗೋಗಿಯನ್ನೂ ನೋಡಲೇಬೇಕು ಎಂದು ನಾನು ಹೇಳುವುದು ಇದಕ್ಕೇ. ಮೊದಲ ಮೂರು ತಲೆಮಾರಿಗೆ ಸಂತನ ಪಕ್ಕದ ಆರಡಿ ಜಾಗವೇ ಹೆಚ್ಚಿನದಾಗಿತ್ತು.

ದರ್ಗಾದಿಂದ ಹೊರಬಂದ ಮೇಲೆ ಊರೊಳಗೆ ಹತ್ತು ನಿಮಿಷ ನಡೆದು ಕಾಲಡಿಯ ಕಲ್ಲನ್ನು ಗಮನಿಸಿ. ಮನೆಯ ನೆಲಕ್ಕೆ, ಕಟ್ಟೆಗೆ, ಕೆಲವೆಡೆ ಮೇಲ್ಛಾವಣಿಗೂ ಹಾಸಿರುವುದು ಚಪ್ಪಟೆಯ ಪರಸಿ ಕಲ್ಲು, ಶಹಾಬಾದಿನ ಹೆಸರಿನಲ್ಲಿ ರಾಜ್ಯದ ತುಂಬ ಹೋಗುವ ಸುಣ್ಣದಕಲ್ಲು. ಭೀಮಾ ಕೊಳ್ಳದ ಈ ಸುಣ್ಣದಕಲ್ಲಿನ ಹಾಸು ಗೋಗಿಯ ಹತ್ತಿರ ಮುಗಿಯುತ್ತದೆ. ಅದರ ದಕ್ಷಿಣಕ್ಕೆ ಗ್ರಾನೈಟು. ಎರಡು ಕಲ್ಲುಗಳು ಸೇರುವ ಬಿರುಕಿನ ಗೆರೆಯುದ್ದಕ್ಕೂ ಯುರೇನಿಯಂ ಅದಿರು ಸಿಕ್ಕಿದೆ. ಗಣಿಯ ವಿಷಯಕ್ಕೆ ಊರವರು ವಿರೋಧ ಮಾಡಿದ್ದೂ ಅದಕ್ಕೇ: ನೀರು, ಹೊಲ, ಮಕ್ಕಳ ಆರೋಗ್ಯದ ಚಿಂತೆ. ಅವರಾಗಿಯೇ ಆ ಮಾತು ತೆಗೆದರೆ ಕೂತು ಕೇಳಿ. ನಾವು ಒಂದು ಬೆಳಿಗ್ಗೆ ಬಂದು ಹೋಗುವವರು, ಆ ನೀರು ಕುಡಿಯುವವರು ಅವರು.

ಗೋಗಿಯಿಂದ ಶಹಾಪುರದ ಕಡೆ ಹೊರಟಾಗ ಕಪ್ಪು ಎರೆಯ ಬಯಲಿನಿಂದ ಗ್ರಾನೈಟು ಗುಡ್ಡಗಳು ಏಳುವುದನ್ನು ಕಾಣುತ್ತೀರಿ. ಈ ಗುಡ್ಡಗಳ ಸಾಲೇ ‘ಮಲಗಿದ ಬುದ್ಧ’. ತಲೆ, ಎದೆ, ಹೊಟ್ಟೆ, ಕಾಲು ಒಂದೊಂದು ಗುಡ್ಡದಲ್ಲಿ ಮೂಡಿ, ದೂರದಿಂದ ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ. ಇದು ದೂರದ ನೋಟ. ಬೆಟ್ಟದ ಬುಡಕ್ಕೆ ಗಾಡಿ ಹೊಡೆಸಿ ‘ಎಲ್ಲಿ ಬುದ್ಧ?’ ಎಂದು ಹುಡುಕಿದರೆ ಬರೀ ಬಂಡೆ ಸಿಗುತ್ತವೆ. ಎಲ್ಲಿ ನಿಲ್ಲಿಸಬೇಕು ಎಂದು ಡ್ರೈವರಿಗೆ ಗೊತ್ತಿರುತ್ತದೆ, ರಸ್ತೆಯ ಬದಿಯಲ್ಲಿ ಐದು ನಿಮಿಷ ಸಾಕು. ಬೆಟ್ಟದ ಮೇಲೆ ಹಳೆಯ ಕೋಟೆಯ ಗೋಡೆಗಳಿವೆ. ಅದನ್ನು ಹತ್ತಲು ಹೊರಟರೆ ಅರ್ಧ ದಿನ ಹೋಗುತ್ತದೆ, ಈ ಸಲ ಬೇಡ.

ಅದೇ ಹೊತ್ತನ್ನು ವಿಭೂತಿಹಳ್ಳಿಗೆ ಕೊಡಿ. ಶಹಾಪುರದ ಹತ್ತಿರವೇ ಇರುವ ಈ ಊರಿನ ಬಯಲಿನಲ್ಲಿ ಬೃಹತ್ ಶಿಲಾಯುಗದ ಜನ ನೂರಾರು ಗುಂಡುಕಲ್ಲುಗಳನ್ನು ಲೆಕ್ಕಹಾಕಿ ಸಾಲಾಗಿ ಇಟ್ಟಿದ್ದಾರೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ತಾಣ ಇದು. ಮೊದಲ ನೋಟಕ್ಕೆ ಏನೂ ತಿಳಿಯುವುದಿಲ್ಲ, ಹೊಲದಲ್ಲಿ ಚೆಲ್ಲಿದ ಕಲ್ಲು ಎನಿಸುತ್ತದೆ. ಒಂದು ಗುಂಡಿನ ಪಕ್ಕ ನಿಂತು ಅಲ್ಲಾಡದೆ ನೋಡಿ. ಮುಂದಿನ ಕಲ್ಲು, ಅದರ ಮುಂದಿನ ಕಲ್ಲು ಒಂದೇ ಗೆರೆಗೆ ಬರುತ್ತವೆ. ಸ್ವಲ್ಪ ತಿರುಗಿದರೆ ಮೂಲೆಯಿಂದ ಮೂಲೆಗೆ ಇನ್ನೊಂದು ಗೆರೆ. ಬೆಳಗಿನ ಬಿಸಿಲಿಗೆ ಕಲ್ಲಿನ ನೆರಳು ಉದ್ದವಾಗಿ ಬಿದ್ದಿರುವಾಗ ಈ ಸಾಲು ಸ್ಪಷ್ಟ, ಹತ್ತೂವರೆ ದಾಟಿದ ಮೇಲೆ ಕಷ್ಟ. ಸೂರ್ಯನ ಹುಟ್ಟು, ಮುಳುಗು ಗುರುತಿಸಲು ಇಟ್ಟ ಕಲ್ಲುಗಳಿರಬಹುದೇ ಎಂದು ಖಗೋಳ ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಕಲ್ಲುಗಳನ್ನು ಅಲ್ಲಾಡಿಸುವುದು, ಮೇಲೆ ಹೆಸರು ಬರೆಯುವುದು ಅಪರಾಧ ಎಂದು ಮಕ್ಕಳಿಗೆ ಇಳಿಯುವ ಮೊದಲೇ ಹೇಳಿ. ಒಂದು ಗುಂಡು ಜರುಗಿದರೂ ಸಾಲು ಕೆಡುತ್ತದೆ.

ಈ ಕಲ್ಲುಸಾಲಿನ ಬಗ್ಗೆ ಮೊದಲು ಬರೆದವನು ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್. ಸುರಪುರದಲ್ಲಿ ಅವನ ಮನೆಯನ್ನೇ ನೋಡಲಿದ್ದೀರಿ.

ಸುರಪುರಕ್ಕೆ ಹನ್ನೊಂದರ ಆಸುಪಾಸಿಗೆ ಮುಟ್ಟಿದರೆ ಸರಿ. ಸುತ್ತ ಗುಡ್ಡ, ಗುಡ್ಡದ ಮೇಲೂ ಇಳಿಜಾರಿನಲ್ಲೂ ಮನೆಗಳು, ಹೊರಗಿನಿಂದ ಬರುವ ದಂಡಿಗೆ ಒಳಹೊಗಲು ಕಷ್ಟವಾಗುವ ನೆಲ. ಬೇಡನಾಯಕರು ಇಲ್ಲಿ ಊರು ಕಟ್ಟಿದ್ದರ ಹಿಂದೆ ಅನುಭವವಿದೆ. ಅವರ ಹಿಂದಿನ ರಾಜಧಾನಿ ಹತ್ತಿರದ ವಾಗಿಣಗೇರಿ. 1705ರಲ್ಲಿ ಔರಂಗಜೇಬ ತಾನೇ ಸೈನ್ಯದೊಡನೆ ಬಂದು ಆ ಕೋಟೆಗೆ ಮುತ್ತಿಗೆ ಹಾಕಿದ. ಆಗ ಅವನಿಗೆ 86 ವರ್ಷ. ಮರಾಠರ ನೆರವೂ ಪಡೆದ ಬೇಡನಾಯಕರ ದೊರೆ ಪಿಡ್ಡನಾಯಕ ಸುಮಾರು ಮೂರು ತಿಂಗಳು ಮೊಗಲರನ್ನು ತಡೆದು ನಿಲ್ಲಿಸಿ, ಕೊನೆಗೆ ಕೋಟೆ ಬಿಟ್ಟು ತನ್ನವರೊಡನೆ ತಪ್ಪಿಸಿಕೊಂಡ. ಚಕ್ರವರ್ತಿಗೆ ಸಿಕ್ಕಿದ್ದು ಬರಿದಾದ ಕೋಟೆ. ಔರಂಗಜೇಬ ಸ್ವತಃ ನಡೆಸಿದ ಕೊನೆಯ ಮುತ್ತಿಗೆ ಇದು, 1707ರಲ್ಲಿ ಅವನು ತೀರಿಕೊಂಡ. ನಾಯಕರ ಸಂಸ್ಥಾನ ಮಾತ್ರ ಸುರಪುರದಲ್ಲಿ ಮತ್ತೆ ನೂರೈವತ್ತು ವರ್ಷ ಬಾಳಿತು.

ಅರಮನೆ ನೋಡುವ ಬಗೆ ಸ್ವಲ್ಪ ಬೇರೆ. ಮೈಸೂರಿನ ಅರಮನೆಯಂತೆ ಟಿಕೆಟ್ ತೆಗೆದುಕೊಂಡು ಹೋಗಿ ನೋಡಿ ಬರುವ ವಸ್ತುಸಂಗ್ರಹಾಲಯ ಅಲ್ಲ ಇದು. ರಾಜಮನೆತನದವರು ಊರಲ್ಲಿದ್ದಾರೆ, ಊರವರು ಅವರನ್ನು ಈಗಲೂ ‘ರಾಜಾ’ ಎಂದೇ ಕರೆಯುತ್ತಾರೆ. ಹೊರಗಿನ ಭಾಗ, ಬಾಗಿಲು, ಹತ್ತಿರದ ವೇಣುಗೋಪಾಲಸ್ವಾಮಿ ಗುಡಿ ಇವಿಷ್ಟಕ್ಕೆ ತೊಂದರೆಯಿಲ್ಲ. ಒಳಗೆ ಹೋಗಬೇಕೆಂದರೆ ಮಾರ್ಗದರ್ಶಿಯ ಮೂಲಕ ಮೊದಲೇ ಕೇಳಿಸಬೇಕು. ಇನ್ನೊಬ್ಬರ ಮನೆಗೆ ಹೋಗುವ ರೀತಿಯಲ್ಲೇ ನಡೆದುಕೊಳ್ಳಬೇಕು, ಬೇಡ ಎಂದರೆ ಮುನಿಯಬಾರದು. ಗೋಕುಲಾಷ್ಟಮಿಯ ಸಮಯದಲ್ಲಿ ಬಂದವರಿಗೆ ಇಲ್ಲಿಯ ಹಾಲೋಕುಳಿ ಸಿಗುತ್ತದೆ: ನೆಟ್ಟ ಎತ್ತರದ ಕಂಬಗಳನ್ನು ಗಂಡಾಳುಗಳು ಏರಲು ಹೋಗುವುದು, ಮೇಲಿನಿಂದ ನೀರು ಸುರಿದು ಜಾರಿಸುವುದು. ಮಳೆಗಾಲವಾದರೂ ಅದೊಂದಕ್ಕೆ ಬರಬಹುದು.

ಸುರಪುರದ ಚಿತ್ರಕಲೆಯನ್ನೂ ಕೇಳಿ ತಿಳಿದುಕೊಳ್ಳಿ. ನಾಯಕರ ಆಶ್ರಯದಲ್ಲಿ ಬೆಳೆದ ಕಿರುಚಿತ್ರ ಶೈಲಿಯೊಂದು ಇಲ್ಲಿಯದೇ ಹೆಸರು ಹೊತ್ತಿದೆ. ಬಂಗಾರದ ಹಾಳೆ ಬಳಸಿ, ಕೂದಲೆಳೆಯಂಥ ಗೆರೆಗಳಲ್ಲಿ ದೇವರನ್ನೂ ದರ್ಬಾರನ್ನೂ ಬರೆದರು. ಗರುಡಾದ್ರಿ ಮನೆತನದ ಕಲಾವಿದರು ಇದರಲ್ಲಿ ಪ್ರಸಿದ್ಧರು.

ಊಟ ಇಲ್ಲೇ ಆಗಲಿ. ಬಸ್ ನಿಲ್ದಾಣದ ಸುತ್ತ ಖಾನಾವಳಿಗಳಿವೆ: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಬೆಳಗಿನ ತಿಂಡಿಗೆ ಸುಸಲಾ ಮಿರ್ಚಿ. ಶೌಚಾಲಯದ ಕೆಲಸವನ್ನೂ ಇಲ್ಲೇ ಮುಗಿಸಿಕೊಳ್ಳಿ, ವಿಭೂತಿಹಳ್ಳಿಯಲ್ಲೂ ಬೋನಾಳದಲ್ಲೂ ಅದನ್ನು ನೆಚ್ಚಿಕೊಳ್ಳಬೇಡಿ. ನೀರಿನ ಬಾಟಲಿ ತುಂಬಿಸಿಕೊಂಡೇ ಹೊರಡಿ.

ಊಟದ ನಂತರ ಗುಡ್ಡದ ಮೇಲಿನ ಟೇಲರ್ ಮಂಜಿಲ್. ನಿಜಾಮನ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದ. ಆಗ ರಾಜ ವೆಂಕಟಪ್ಪನಾಯಕ ಸಣ್ಣ ಹುಡುಗ, ತಾಯಿ ರಾಣಿ ಈಶ್ವರಮ್ಮ. ಹುಡುಗ ದೊಡ್ಡವನಾಗುವ ತನಕ, 1853ರವರೆಗೆ, ಆಡಳಿತ ಟೇಲರನ ಕೈಯಲ್ಲಿತ್ತು. ಅವನು ಕಟ್ಟಿಸಿಕೊಂಡ ಮನೆ ಇದು, ಈಗ ಸರಕಾರದ ಅತಿಥಿಗೃಹ. ಒಳಗೆ ನೋಡಲು ಅಲ್ಲಿಯ ಸಿಬ್ಬಂದಿಯ ಒಪ್ಪಿಗೆ ಬೇಕು. ಅದು ಸಿಗದಿದ್ದರೂ ಅಂಗಳದಲ್ಲಿ ನಿಂತು ಕೆಳಗಿನ ಊರನ್ನು ನೋಡಿ. ಸುರಪುರದ ಇಡೀ ವಿನ್ಯಾಸ ಇಲ್ಲಿಂದ ಕಾಣುತ್ತದೆ.

ಟೇಲರನನ್ನು ಆ ಹುಡುಗ ‘ಅಪ್ಪಾ’ ಎಂದು ಕರೆಯುತ್ತಿದ್ದ. ಅದೇ ಹುಡುಗ ರಾಜನಾಗಿ, 1857ರ ಬಂಡಾಯ ಎದ್ದಾಗ ಬ್ರಿಟಿಷರ ವಿರುದ್ಧ ನಿಂತ. 1858ರ ಫೆಬ್ರುವರಿಯಲ್ಲಿ ಸುರಪುರದ ಗುಡ್ಡಗಳಲ್ಲಿ ಕಾಳಗವಾಯಿತು, ಕ್ಯಾಪ್ಟನ್ ನ್ಯೂಬೆರಿ ಎಂಬ ಬ್ರಿಟಿಷ್ ಅಧಿಕಾರಿ ಸತ್ತ. ವೆಂಕಟಪ್ಪನಾಯಕ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಮರಣದಂಡನೆ ಇಳಿದು ನಾಲ್ಕು ವರ್ಷದ ಸೆರೆಯಾಯಿತು, ಚೆಂಗಲ್‌ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಹಾರಿದ ಗುಂಡಿಗೆ ಸತ್ತ. ತಾನೇ ಹೊಡೆದುಕೊಂಡ ಎಂದು ಟೇಲರನ ಆತ್ಮಕಥೆಯಲ್ಲಿದೆ. 1877ರಲ್ಲಿ, ಟೇಲರ್ ಸತ್ತ ಮರುವರ್ಷ, ಆ ಪುಸ್ತಕ ಅಚ್ಚಾಯಿತು. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು, ಸಂಸ್ಥಾನ ಮುಗಿಯಿತು. ಟೇಲರನ ಮಾತನ್ನಷ್ಟೇ ಓದಿ ಬಂದವರು ಈ ಅಂಗಳದಲ್ಲಿ ಮಾರ್ಗದರ್ಶಿಯ ಬಾಯಿಂದಲೂ ಇದೇ ಕಥೆ ಕೇಳಬೇಕು. ಊರಿನ ಮಟ್ಟಿಗೆ ವೆಂಕಟಪ್ಪನಾಯಕ ಸ್ವಾತಂತ್ರ್ಯ ಯೋಧ, ಆ ಮಾತನ್ನು ಊರವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು.

ಮೂರೂವರೆ ನಾಲ್ಕಕ್ಕೆ ಸುರಪುರ ಬಿಟ್ಟರೆ ಬೋನಾಳ ಹತ್ತು ಹನ್ನೆರಡು ಕಿ.ಮೀ. ಅಲ್ಲಿ ಕಾಡಿದೆ ಎಂದು ಮಲೆನಾಡಿನ ಕಾಡು ನೆನೆದು ಬರಬೇಡಿ. ಇಲ್ಲಿ ಕಾಡು ಎಂದರೆ ಜಾಲಿ, ಕುರುಚಲು ಗಿಡ, ಬಂಡೆ, ಅದರ ನಡುವೆ ನಾಯಕರ ಕಾಲದ ದೊಡ್ಡ ಕೆರೆ. ಟೇಲರನೂ ಇದನ್ನು ದೊಡ್ಡದು ಮಾಡಿಸಿದ. ಹೊಲಕ್ಕೆ ನೀರುಣಿಸಲು ಕಟ್ಟಿದ ಕೆರೆ ಈಗ ಪಕ್ಷಿಧಾಮ. ರಾಜ್ಯದಲ್ಲಿ ರಂಗನತಿಟ್ಟಿನ ನಂತರ ಇದರ ಹೆಸರು ಹೇಳುವುದುಂಟು. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ನೇರಳೆ ಬಕ, ಬಿಳಿ ಮತ್ತು ಕಪ್ಪು ಕೆಂಬರಲುಗಳ ಜೊತೆ ಬಾತುಗಳೂ ಇರುತ್ತವೆ. ದುರ್ಬೀನು ಇದ್ದರೆ ತನ್ನಿ. ಗಾಡಿ ದೂರ ನಿಲ್ಲಿಸಿ, ಹಾರ್ನ್ ಹೊಡೆಯಬೇಡಿ, ಏರಿಯ ಮೇಲೆ ಸದ್ದಿಲ್ಲದೆ ನಡೆಯಿರಿ, ಚುರುಮುರಿ ಚೀಲ ಬಿಸಾಡಬೇಡಿ. ಮಳೆ ಕಡಿಮೆಯಾದ ವರ್ಷ ಕೆರೆ ತಗ್ಗಿ ಹಕ್ಕಿಯೂ ಕಡಿಮೆ ಇರುತ್ತವೆ, ಹೊರಡುವ ಮುನ್ನ ನೀರಿದೆಯೇ ಎಂದು ಮಾರ್ಗದರ್ಶಿಯನ್ನು ಕೇಳಿಕೊಳ್ಳಿ.

ಇನ್ನೊಂದು ದಿನ ಇದ್ದವರಿಗೆ ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರ ಇದೆ, ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಕ್ಷೇತ್ರ. ನಾರಾಯಣಪುರದ ಬಸವಸಾಗರ ಅಣೆಕಟ್ಟಿದೆ. ಹುಣಸಗಿ ಕಡೆ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆದು ತೋರಿಸಿದ ಶಿಲಾಯುಗದ ಆಯುಧಗಳ ನೆಲೆ ಸುಮಾರು 12 ಲಕ್ಷ ವರ್ಷ ಹಳೆಯದು. ಇವನ್ನೆಲ್ಲ ಮೊದಲ ದಿನಕ್ಕೇ ತುರುಕಬೇಡಿ, ಯಾವುದನ್ನೂ ನೋಡಿದಂತಾಗುವುದಿಲ್ಲ.

ಜಿಲ್ಲೆಯಾಗಿ ಯಾದಗಿರಿ ಹುಟ್ಟಿದ್ದು 2009ರ ಡಿಸೆಂಬರ್ 30ರಂದು. ಪ್ರವಾಸದ ನಕ್ಷೆಯಲ್ಲಿ ಅದರ ಹೆಸರು ಇನ್ನೂ ಸಣ್ಣದು. ಗೋಗಿಯಲ್ಲಿ ಸುಲ್ತಾನರ ಹೆಸರು ಹೇಳುವ ಒಳ್ಳೆಯ ಫಲಕ, ವಿಭೂತಿಹಳ್ಳಿಯಲ್ಲಿ ಕಲ್ಲಿನ ಸಾಲು ವಿವರಿಸುವ ನಕ್ಷೆ, ಸುರಪುರದಲ್ಲಿ ನಾಲ್ಕಾರು ತರಬೇತಾದ ಯುವ ಮಾರ್ಗದರ್ಶಿಗಳು, ಇಷ್ಟು ಮಾಡಲು ದೊಡ್ಡ ಬಜೆಟ್ ಬೇಕಿಲ್ಲ. ಹೋಗಿ ಬಂದವರು ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಗೆ ಒಂದು ಪತ್ರ ಬರೆಯಿರಿ: ಏನು ನೋಡಿದಿರಿ, ಏನು ಕೊರತೆ ಕಂಡಿತು ಎಂದು. ಕೇಳುವವರ ಸಂಖ್ಯೆ ಹೆಚ್ಚಿದರೆ ಕೆಲಸ ಆಗುತ್ತದೆ.